ಬಲ್ಲರು ಎಂದು ಬರೆದುಕೊಟ್ಟೆ

ಮೂರಕ್ಕೆ 2.56. ನನ್ನ ಛಂದಸ್ಸಿನ ಪೇಪರು ಸಾಧಿಸಿದ್ದು ಇಷ್ಟು. ಕಾಸರಗೋಡು ಜಿಲ್ಲೆಯ ಒಂದು ಕಾಲೇಜಿನ ಕನ್ನಡ ವಿಭಾಗದಲ್ಲಿ, ಕರೆಂಟು ಹೋಗುವುದೂ ಬರುವುದೂ ಆಗುತ್ತಿದ್ದ ಒಂದು ಮಳೆಗಾಲದ ಸಂಜೆ, ಎಕ್ಸೆಲ್ ಹಾಳೆಯ ಕೊನೆಯ ಚೌಕದಲ್ಲಿ ಆ ಅಂಕಿ ಮೂಡಿತು. ನೋಡಿ ಖುಷಿಯೇ ಆಯಿತು, ಸುಳ್ಳು ಯಾಕೆ ಹೇಳಲಿ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವುದಕ್ಕೆ ಹತ್ತೇ ದಿನ ಇತ್ತು. ನಮ್ಮ ಗುರಿ 2 ಅಂತ ಮೊದಲೇ ಬರೆದುಕೊಟ್ಟಿದ್ದೆವು. ಗುರಿ ಮುಟ್ಟಿದವರಿಗೆ ಮುಂದಿನ ಫಾರಂ ತುಂಬುವ ಕೆಲಸ ಇಲ್ಲ.

ಈ ಲೆಕ್ಕ ಹೇಗೆ ಹುಟ್ಟುತ್ತದೆ ಎಂದು ಪಾಠ ಮಾಡುವವರ ಹೊರಗಿನ ಲೋಕಕ್ಕೆ ಗೊತ್ತಿರುವುದಿಲ್ಲ. ಒಳಗಿನವರಲ್ಲೂ ಎಷ್ಟೋ ಮಂದಿ ಪಕ್ಕದ ವಿಭಾಗದ ಹಾಳೆಯಿಂದ ಸೂತ್ರ ಇಳಿಸಿಕೊಂಡವರೇ, ನಾನೂ ಸೇರಿ. ಪ್ರತಿ ಪೇಪರಿಗೆ ನಾಲ್ಕೈದು ಕೋರ್ಸ್ ಔಟ್‌ಕಮ್, ಅಂದರೆ ಈ ಪೇಪರು ಓದಿ ಮುಗಿಸಿದವರು ಏನೇನು ಮಾಡಬಲ್ಲರು ಎಂಬ ವಾಕ್ಯಗಳು. ಸ್ಟಾಫ್ ರೂಮಿನ ಮಾತಿನಲ್ಲಿ ಸಿ.ಒ. ಇಡೀ ಪದವಿಗೆ ಬೇರೆ ಕೆಲವು, ಅವು ಪಿ.ಒ. ಪ್ರಶ್ನೆಪತ್ರಿಕೆಯ ಪ್ರತಿ ಪ್ರಶ್ನೆಯ ಪಕ್ಕ ಅದು ಯಾವ ಸಿ.ಒ.ಗೆ ಸೇರಿದ್ದು ಎಂದು ಹಾಕಬೇಕು. ತಿದ್ದುವಾಗ ಅಂಕವನ್ನು ಪ್ರಶ್ನೆವಾರು ಹಾಳೆಗೆ ಏರಿಸಬೇಕು. ಒಂದು ಸಿ.ಒ.ಗೆ ಸೇರಿದ ಪ್ರಶ್ನೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದೆ ಅಂಕ ತೆಗೆದವರು ತರಗತಿಯಲ್ಲಿ ನೂರಕ್ಕೆ 70 ಮಂದಿ ಇದ್ದರೆ ಅದು ಮೂರನೆಯ ಮಟ್ಟ, 60 ಇದ್ದರೆ ಎರಡು, 50 ಇದ್ದರೆ ಒಂದು. ಈ ಗೆರೆಗಳನ್ನು ಎಳೆದುಕೊಳ್ಳುವುದು ಆಯಾ ಸಂಸ್ಥೆಯೇ. ನಮ್ಮಲ್ಲಿ ಎಳೆದದ್ದು ಹೀಗೆ.

ನನ್ನ ತರಗತಿಯಲ್ಲಿ 24 ಮಂದಿ. ಮೂರನೆಯ ಸಿ.ಒ.ದಲ್ಲಿ ಗೆರೆ ದಾಟಿದವರು 17. ನೂರಕ್ಕೆ 70.83, ಹಾಗಾಗಿ ಮೂರನೆಯ ಮಟ್ಟ. ಅದರಲ್ಲಿ ಒಬ್ಬನಿಗೆ ನಾನು ಬೆಳಗಿನ ಕಾಫಿ ಕುಡಿಯುವ ಮೊದಲು ತಿದ್ದಿ ಅರ್ಧ ಅಂಕ ಕಡಿಮೆ ಹಾಕಿದ್ದರೆ 16 ಆಗಿ ಇಡೀ ತರಗತಿಯ ಸಾಧನೆ ಎರಡನೆಯ ಮಟ್ಟಕ್ಕೆ ಜಾರುತ್ತಿತ್ತು. ನಾಲ್ಕು ಸಿ.ಒ.ಗಳಿಗೆ 3, 2, 3, 2 ಬಂತು, ಸರಾಸರಿ 2.5. ಪರೀಕ್ಷೆಗೆ 80 ಪಾಲು, ಕೊನೆಯ ದಿನ ಮಕ್ಕಳು ತುಂಬುವ ಸರ್ವೇಗೆ 20 ಪಾಲು. ಸರ್ವೇ ಫಾರಂ ಕೊಟ್ಟದ್ದು ಮಧ್ಯಾಹ್ನದ ಕೊನೆಯ ಪೀರಿಯಡ್ಡಿನಲ್ಲಿ. ಚೆರ್ಕಳದ ಬಸ್ಸಿಗೆ ಓಡಬೇಕಾದವರು ‘ಸಂಪೂರ್ಣ ಒಪ್ಪುತ್ತೇನೆ’ ಎಂಬಲ್ಲಿ ಮೇಲಿಂದ ಕೆಳಗೆ ಒಂದೇ ಗೀಟು ಎಳೆದು ಕೊಟ್ಟರು. ಅದಕ್ಕೆ 2.8. ಎರಡೂ ಸೇರಿ 2.56.

ಸ್ವಲ್ಪ, ಮಧ್ಯಮ, ಹೆಚ್ಚು ಎಂಬ ಮೂರು ಮಾತುಗಳಿಗೆ 1, 2, 3 ಎಂದು ಹೆಸರಿಟ್ಟು, ಆಮೇಲೆ ಅವು ಹೆಸರು ಎಂಬುದನ್ನು ಮರೆತು ಕೂಡಿಸಿ ಭಾಗಿಸುವ ಕ್ರಮ ನನಗೆ ಇವತ್ತಿಗೂ ಜೀರ್ಣ ಆಗಿಲ್ಲ. ಸಾರಿಗೆ ಉಪ್ಪು ಕಡಿಮೆ, ಪಲ್ಯಕ್ಕೆ ಜಾಸ್ತಿ, ಹಾಗಾಗಿ ಊಟ ಹದವಾಗಿದೆ ಅಂದ ಹಾಗೆ. ಇರಲಿ. ಗಣಿತದವರು ಇದಕ್ಕಿಂತ ಚೆನ್ನಾಗಿ ಬೈಯಬಲ್ಲರು.

‘ಬಲ್ಲರು’ ಅಂದೆ ನೋಡಿ, ಆ ಪದದ ಬಗ್ಗೆ ಹೇಳಬೇಕು. ಔಟ್‌ಕಮ್ ಬರೆಯುವುದನ್ನು ಕಲಿಸಲು ನಮಗೊಂದು ಕಾರ್ಯಾಗಾರ ಇಟ್ಟಿದ್ದರು. ಮೊದಲ ಪಾಠವೇ, ‘ತಿಳಿಯುತ್ತಾರೆ’, ‘ಅರಿಯುತ್ತಾರೆ’ ಎಂದು ಬರೆಯಬಾರದು. ತಿಳಿವು ತಲೆಯೊಳಗಿನದು, ಕಣ್ಣಿಗೆ ಕಾಣದು, ಅಳೆಯಲು ಬಾರದು. ಪಟ್ಟಿ ಮಾಡು, ವಿವರಿಸು, ಹೋಲಿಸು, ವಿಶ್ಲೇಷಿಸು, ಇಂಥ ಕ್ರಿಯಾಪದ ಬೇಕು. ಗೋಡೆಯ ಮೇಲೆ ಬ್ಲೂಮ್ ಪಿರಮಿಡ್ಡು, ಕಲಿಕೆಯ ಮೆಟ್ಟಿಲುಗಳ ಚಿತ್ರ. ಷಿಕಾಗೋ ವಿಶ್ವವಿದ್ಯಾಲಯದ ಬೆಂಜಮಿನ್ ಬ್ಲೂಮ್ ಮತ್ತು ಜೊತೆಗಾರರು 1956ರಲ್ಲಿ ಹೊರತಂದದ್ದು, 2001ರಲ್ಲಿ ಪರಿಷ್ಕಾರವಾದದ್ದು. ಕೆಳಗೆ ‘ನೆನಪಿಡು’, ತುದಿಯಲ್ಲಿ ‘ಸೃಷ್ಟಿಸು’. 1956 ಎಂಬ ಇಸವಿ ಪರದೆಯ ಮೇಲೆ ಬಂದಾಗ ಹಿಂದಿನ ಬೆಂಚಿನಲ್ಲಿದ್ದ ನಾವು ಮೂರು ಜನ ಕನ್ನಡದವರು ಮುಖ ಮುಖ ನೋಡಿಕೊಂಡೆವು. ದಕ್ಷಿಣ ಕನ್ನಡದ ತಾಲೂಕಾಗಿದ್ದ ಕಾಸರಗೋಡು ಕೇರಳಕ್ಕೆ ಸೇರಿದ್ದು ಅದೇ ವರ್ಷದ ನವೆಂಬರ್ 1ರಂದು. ಆ ಇಸವಿಗೆ ನಮ್ಮ ಕಡೆ ಬೇರೆ ಅರ್ಥವೇ ಇಲ್ಲ. ಪಾಠ ಮಾಡುತ್ತಿದ್ದವರು ಮುಂದಿನ ಸ್ಲೈಡಿಗೆ ಹೋದರು.

ಬ್ಲೂಮ್ ಜೊತೆಗಿದ್ದವರು ಪರೀಕ್ಷಕರು, ಪ್ರಶ್ನೆಪತ್ರಿಕೆ ತಯಾರಿಸುವವರು. ಒಂದು ವಿಶ್ವವಿದ್ಯಾಲಯದ ಪ್ರಶ್ನೆಯನ್ನು ಇನ್ನೊಂದು ಕಡೆ ಬಳಸಬೇಕಾದರೆ ಇದು ಎಂಥ ಪ್ರಶ್ನೆ ಎಂದು ಹೇಳಿಕೊಳ್ಳಲು ಅವರಿಗೆ ಒಂದು ಸಾಮಾನ್ಯ ಭಾಷೆ ಬೇಕಿತ್ತು, ಅದಕ್ಕಾಗಿ ಮಾಡಿಕೊಂಡ ವಿಂಗಡಣೆ ಅದು. ನಮ್ಮಲ್ಲಿಗೆ ಅದು ಬಂದ ದಾರಿ ಬೇರೆ. ಎಂಜಿನಿಯರಿಂಗ್ ಪದವಿಗಳನ್ನು ದೇಶದೇಶಗಳ ನಡುವೆ ಮಾನ್ಯ ಮಾಡುವ ವಾಷಿಂಗ್ಟನ್ ಒಪ್ಪಂದ 1989ರದು. ಇಲ್ಲಿ ಅಂಥ ಪದವಿಗಳಿಗೆ ಮಾನ್ಯತೆ ಕೊಡುವ ಎನ್‌ಬಿಎ ಅದರ ಪೂರ್ಣ ಸದಸ್ಯ ಆದದ್ದು 2014ರಲ್ಲಿ. ಸೇತುವೆ ಕಟ್ಟುವವನು ಏನು ಮಾಡಬಲ್ಲ ಎಂದು ಬರೆದುಕೊಡಿ ಅನ್ನುವುದರಲ್ಲಿ ತಪ್ಪೇನಿಲ್ಲ, ಸೇತುವೆಯ ಮೇಲೆ ನಾವೇ ಹೋಗಬೇಕಲ್ಲ. ಅದೇ ಫಾರಂ ನ್ಯಾಕ್ ಮೂಲಕ ಕನ್ನಡ ವಿಭಾಗಕ್ಕೂ ಬಂತು.

ನಾನು ‘ಬಲ್ಲರು’ ಎಂದು ಬರೆದೆ. ಕನ್ನಡದಲ್ಲಿ ಬಲ್ಲ ಅಂದರೆ ತಿಳಿದವನೂ ಹೌದು, ಮಾಡಲು ಬರುವವನೂ ಹೌದು. ಓದಬಲ್ಲ, ಈಜಬಲ್ಲ, ಬಲ್ಲವನೇ ಬಲ್ಲ ಬೆಲ್ಲದ ರುಚಿಯ. ತಿಳಿವನ್ನು ಮಾಡುವುದರಿಂದ ಸೀಳಿ ಬೇರೆ ಇಡುವ ಹಟ ಆ ಪದಕ್ಕೆ ಇಲ್ಲ. ಕನ್ನಡದಲ್ಲಿ ಔಟ್‌ಕಮ್ ಬರೆಯುವುದು ಎಷ್ಟು ಸಲೀಸು ಎಂದು ಬೀಗಿದೆ. ಆಮೇಲೆ ಎಲ್ಲವನ್ನೂ ಇಂಗ್ಲಿಷಿಗೆ ತಿರುಗಿಸಿ ಕೊಡಬೇಕಾಯಿತು, ಆ ಮಾತು ಬೇರೆ.

ಮೂರನೆಯ ಮಟ್ಟ ಸಿಕ್ಕಿದ ಆ ಸಿ.ಒ. ಹೀಗಿತ್ತು: ‘ಕನ್ನಡದ ಪ್ರಮುಖ ಮಾತ್ರಾ ಛಂದಸ್ಸುಗಳನ್ನು ಗುರುತಿಸಿ ವಿಶ್ಲೇಷಿಸಬಲ್ಲರು.’ ಅದಕ್ಕೆ ನಾನು ಕೇಳಿದ ಪ್ರಶ್ನೆ, ಭಾಮಿನಿ ಷಟ್ಪದಿಯ ಲಕ್ಷಣವನ್ನು ಉದಾಹರಣೆಯೊಂದಿಗೆ ವಿವರಿಸಿ. ಮಕ್ಕಳು ಬರೆದರು: ಆರು ಸಾಲು, ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ 3-4-3-4ರಂತೆ 14 ಮಾತ್ರೆ, ಮೂರು ಮತ್ತು ಆರನೆಯ ಸಾಲಿನಲ್ಲಿ 3-4-3-4-3-4 ಆಗಿ ಕೊನೆಗೊಂದು ಗುರು, ಒಟ್ಟು 23. ಉದಾಹರಣೆಗೆ ಎಲ್ಲರೂ ಒಂದೇ ಪದ್ಯ, ನಾನು ನೋಟ್ಸಿನಲ್ಲಿ ಕೊಟ್ಟದ್ದು. ಪ್ರಸ್ತಾರ ಹಾಕಿದ್ದೂ ನನ್ನ ನೋಟ್ಸಿನ ಹಾಗೆಯೇ. ನೋಟ್ಸಿನಲ್ಲಿ ನಾನು ಒಂದು ಕಡೆ ಲಘುವಿನ ಗುರುತು ಬಿಟ್ಟಿದ್ದೆ. ಹನ್ನೊಂದು ಉತ್ತರಪತ್ರಿಕೆಗಳಲ್ಲಿ ಅದೇ ಜಾಗದಲ್ಲಿ ಲಘು ಇಲ್ಲ.

ತಿದ್ದುವಾಗ ನಕ್ಕಿದ್ದೆ. ನ್ಯಾಕ್ ತಂಡ ಬಂದು ಹೋದ ಮೇಲೆ, ಫೈಲುಗಳೆಲ್ಲ ಕಪಾಟು ಸೇರಿದ ಮೇಲೆ, ಆ ಹನ್ನೊಂದು ಲಘುಗಳು ಕಾಡತೊಡಗಿದವು. ಅದೇ ಮಕ್ಕಳು ಮುಂದಿನ ಸೆಮಿಸ್ಟರಿಗೆ ಬೇರೆ ಪೇಪರಿಗೆ ನನ್ನ ಮುಂದೆ ಕೂತಿದ್ದರು. ಒಂದು ದಿನ ಬೋರ್ಡಿನ ಮೇಲೆ ಒಂದು ಸಾಲು ಬರೆದೆ, ಯಾವ ಕವಿಯದ್ದೂ ಅಲ್ಲ, ಆ ಹೊತ್ತಿಗೆ ಕಿಟಕಿಯಿಂದ ಕಂಡದ್ದು:

ಮಳೆಯ ಹನಿಗಳು ಬಿದ್ದ ಅಂಗಳ

ಗಣ ವಿಂಗಡಿಸಿ, ಇದು ಯಾವ ಷಟ್ಪದಿಯ ಸಾಲಾದೀತು ಹೇಳಿ ಅಂದೆ. (ಬಿದ್ದ, ಅಂಗಳ ನಡುವೆ ಸಂಧಿ ಮಾಡದೆ ಬಿಟ್ಟದ್ದಕ್ಕೆ ಹಳಬರು ಕ್ಷಮಿಸಬೇಕು.) ತರಗತಿ ತಣ್ಣಗಾಯಿತು. 24 ಮಂದಿಯಲ್ಲಿ ಐವರು ಸರಿಯಾಗಿ ಮಾಡಿದರು. ಲಕ್ಷಣ ಬರೆದು ಎಂಟಕ್ಕೆ ಎಂಟು ತೆಗೆದವರು ‘ಮಳೆ, ಯಹನಿ’ ಎಂದು ಒಡೆಯುತ್ತಿದ್ದರು.

ಆ ಐವರಲ್ಲಿ ಒಬ್ಬಳು ಪೆನ್ನೇ ಎತ್ತಲಿಲ್ಲ. ಬೆರಳಿನಿಂದ ಡೆಸ್ಕಿನ ಅಂಚಿಗೆ ಎರಡು ಸಲ ತಟ್ಟಿ, “ಭಾಮಿನಿ ಅಲ್ವಾ ಟೀಚರೇ” ಅಂದಳು.

“ಹೇಗೆ ಗೊತ್ತಾಯ್ತು?”

“ಕೇಳಿದ್ರೆ ಗೊತ್ತಾಗ್ತದಲ್ಲ. ಭಾಗವತ್ರು ಹೇಳುವ ಹಾಗೆ ಉಂಟು.”

ಅವಳ ಅಪ್ಪ ಮದ್ದಳೆಗಾರರು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ, ರಾತ್ರಿ ಯಕ್ಷಗಾನದ ಆಟ. ನಮ್ಮ ನೆಲ ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ನೆಲ ಎಂದು ಭಾಷಣದಲ್ಲಿ ಹೇಳುತ್ತೇವಲ್ಲ, ಅದು ನಿಜವಾಗಿ ಹೀಗೆ ಡೆಸ್ಕಿನ ಅಂಚಿನಲ್ಲಿ ಇರುತ್ತದೆ. ಉಳಿದ ನಾಲ್ವರನ್ನೂ ವಿಚಾರಿಸಿದೆ. ಇಬ್ಬರು ಆಟ, ತಾಳಮದ್ದಳೆಯ ಮನೆಯವರು, ಒಬ್ಬ ಭಜನಾ ಮಂದಿರದಲ್ಲಿ ತಾಳ ಹಿಡಿಯುವವನು, ಇನ್ನೊಬ್ಬಳ ಅಜ್ಜ ಭಾರತ ವಾಚನ ಮಾಡುತ್ತಿದ್ದವರು. ನನ್ನ ಪಾಠದಿಂದ ಕಲಿತವರು ಎಂದು ಎದೆ ತಟ್ಟಿ ಹೇಳಬಹುದಾದವರು ಒಬ್ಬರೂ ಇಲ್ಲ. ಒಂಬತ್ತನೆಯ ಶತಮಾನದಲ್ಲಿ ಕವಿರಾಜಮಾರ್ಗ ಈ ನಾಡಿನ ಜನ ಕುರಿತು ಓದದೆಯೂ ಕಾವ್ಯದಲ್ಲಿ ಪಳಗಿದವರು ಅಂದಿತಲ್ಲ. ಪ್ರತಿವರ್ಷ ಹೆಮ್ಮೆಯಿಂದ ಪಾಠ ಮಾಡುವ ಮಾತು. ಅದು ಅಧ್ಯಾಪಕಿಯ ಮುಖಕ್ಕೆ ಹೀಗೆ ತಾಗಬಹುದೆಂದು ಅಂದುಕೊಂಡಿರಲಿಲ್ಲ.

ಮನೆಗೆ ಹೋಗಿ ಲ್ಯಾಪ್‌ಟಾಪಿನಲ್ಲಿ ಹಳೆಯ ಹಾಳೆ ತೆರೆದೆ. ಮದ್ದಳೆಗಾರರ ಮಗಳು ಗೆರೆ ದಾಟದ ಏಳು ಮಂದಿಯಲ್ಲಿದ್ದಳು. ಲಕ್ಷಣ ಬಾಯಿಪಾಠ ಮಾಡಿರಲಿಲ್ಲ, ಎಂಟಕ್ಕೆ ಮೂರು. ಛಂದಸ್ಸನ್ನು ಗುರುತಿಸಬಲ್ಲವಳು ‘ಸಾಧಿಸದವಳು’, ಗುರುತಿಸಲಾರದವರು ‘ಸಾಧಿಸಿದವರು’. ಇದನ್ನೆಲ್ಲ ಸೇರಿಸಿ, ‘ಬಲ್ಲರು’ ಎಂದು ನಾನೇ ಸಹಿ ಹಾಕಿ ಕೊಟ್ಟಿದ್ದೆ.

ಹಾಳೆಯನ್ನು ಪೂರ್ತಿ ಬೈಯಲಾರೆ. ಎರಡನೆಯ ಮತ್ತು ನಾಲ್ಕನೆಯ ಸಿ.ಒ.ಗೆ 2 ಬಂದಿತ್ತಲ್ಲ, ಅವುಗಳಲ್ಲಿ ಒಂದು ರಗಳೆಯದು. ಪ್ರತಿವರ್ಷ ಓಣಂ ರಜೆ, ಯುವಜನೋತ್ಸವ, ಮುಷ್ಕರ ಎಲ್ಲ ಕಳೆದು ಸೆಮಿಸ್ಟರಿನ ಬಾಲದಲ್ಲಿ ಎರಡು ಪೀರಿಯಡ್ಡಿನಲ್ಲಿ ನಾನು ಓಡಿಸುವ ಪಾಠ. ಒಟ್ಟು ಅಂಕ ಮಾತ್ರ ನೋಡುತ್ತಿದ್ದ ಕಾಲದಲ್ಲಿ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ, ನನ್ನ ಕಣ್ಣಿಗೂ. ಪ್ರಶ್ನೆವಾರು ಅಂಕ ಹಾಕಿದ್ದರಿಂದ ಸಿಕ್ಕಿಬಿದ್ದೆ. ಹಾಗಾಗಿ ಅಳೆಯುವುದೇ ತಪ್ಪು, ಸಾಹಿತ್ಯವನ್ನು ಅಳೆಯಲಾಗದು, ಅದು ಅನುಭವ ಎಂದೆಲ್ಲ ಹೇಳುವ ನಮ್ಮ ಹಿರಿಯರ ಜೊತೆ ನಾನು ನಿಲ್ಲಲಾರೆ. ಆ ಮಾತಿನ ನೆರಳಿನಲ್ಲಿ ಮೂವತ್ತು ವರ್ಷ ಒಂದೇ ನೋಟ್ಸು ಓದಿಸಿದವರೂ ಇದ್ದಾರೆ. ನನ್ನ ತಕರಾರು ಬೇರೆ. ಮಗು ಎಲ್ಲಿಗೆ ತಲುಪಿತು ಎಂಬುದಕ್ಕೆ ಹಾಳೆಯಲ್ಲಿ ಇಪ್ಪತ್ತು ಕಾಲಂ ಇದೆ, ಎಲ್ಲಿಂದ ಹೊರಟಿತು ಎಂಬುದಕ್ಕೆ ಒಂದೂ ಇಲ್ಲ.

ಮುಂದಿನ ವರ್ಷ 22 ಮಂದಿಯ ಹೊಸ ತಂಡ. ಮೊದಲ ದಿನ, ಹೆಸರು ಕೇಳುವ ಮೊದಲೇ, ಅವರು ನೋಡಿರದ ನಾಲ್ಕು ಸಾಲು ಕೊಟ್ಟು ಹತ್ತು ನಿಮಿಷ ಅಂದೆ. ಅಂಕ ಇಲ್ಲ, ಹೆಸರೂ ಬೇಡ, ಮನೆಮಾತು ಮಾತ್ರ ಬರೆಯಿರಿ. ತುಳು, ಹವ್ಯಕ, ಮಲಯಾಳ, ಬ್ಯಾರಿ, ಕೊಂಕಣಿ, ಮರಾಟಿ, ಕರಾಡ. ಒಂದು ತರಗತಿಯಲ್ಲಿ ಇಷ್ಟು ಮನೆಮಾತು ಇರುವ ಊರಿನಲ್ಲಿ ಎಲ್ಲರೂ ಒಂದೇ ಗೆರೆಯಿಂದ ಓಟ ಶುರು ಮಾಡಿದರು ಅಂದುಕೊಳ್ಳುವುದೇ ತಮಾಷೆ. ಸರಿಯಾಗಿ ಮಾಡಿದವರು ನಾಲ್ವರು.

ಆ ವರ್ಷ ಲಕ್ಷಣದ ನೋಟ್ಸು ಕೊಡಲಿಲ್ಲ. ಡೆಸ್ಕು ತಟ್ಟುವುದು, ಓದುವುದು, ಮತ್ತೆ ತಟ್ಟುವುದು. ಪಕ್ಕದ ತರಗತಿಯ ಇಕನಾಮಿಕ್ಸಿನವರು ಎರಡು ಸಲ ಬಂದು ಬಾಗಿಲಲ್ಲಿ ನಿಂತು ಹೋದರು. ಪೇಪರಿನ ತಲೆಬರಹ, ಅಂಗಡಿಯ ಹೆಸರು, ಮದುವೆ ಕಾಗದ, ಏನು ಕಂಡರೂ ಮಾತ್ರೆ ಎಣಿಸಿ ತನ್ನಿ ಅಂದೆ. ‘ಕಾಸರಗೋಡು’ 4-3, ಭಾಮಿನಿಗೆ ತಿರುವುಮುರುವು, ಒಗ್ಗುವುದಿಲ್ಲ ಎಂದು ಒಬ್ಬಳು ಬೇಸರ ಮಾಡಿಕೊಂಡಳು. ಮನೆಮಾತು ಮಲಯಾಳದ ಹುಡುಗನೊಬ್ಬ ಇದ್ದ. ಮೊದಲ ದಿನದ ಹಾಳೆಯಲ್ಲಿ ಏನೂ ಬರೆಯದೆ ಕೊಟ್ಟವನು. ಅವನು ಒಂದು ಬೆಳಿಗ್ಗೆ ಬಸ್ ಬೋರ್ಡುಗಳನ್ನು ಜೋಡಿಸಿಕೊಂಡು ಬಂದ:

ಪೆರ್ಲ ಕುಂಬಳೆ ಬೇಳ ಉಪ್ಪಳ

ತಟ್ಟಿ ನೋಡಿ. ಮೂರು, ನಾಲ್ಕು, ಮೂರು, ನಾಲ್ಕು. ಈ ನಾಲ್ಕು ಊರು ಈ ಕ್ರಮದಲ್ಲಿ ಯಾವ ಬಸ್ಸಿನ ರೂಟಿನಲ್ಲೂ ಬರುವುದಿಲ್ಲ, ಬಂದರೆ ಡ್ರೈವರಿಗೆ ಹುಚ್ಚು ಹಿಡಿದೀತು. ಆದರೆ ಆ ದಿನ ತರಗತಿಯಲ್ಲಿ ಎದ್ದ ಗಲಾಟೆ ನನ್ನ ಇಷ್ಟು ವರ್ಷದ ಪಾಠದಲ್ಲಿ ಎದ್ದಿರಲಿಲ್ಲ.

ಸೆಮಿಸ್ಟರಿನ ಕೊನೆಗೆ, ಮತ್ತೆ ಅವರು ನೋಡಿರದ ಸಾಲುಗಳನ್ನೇ ಇಂಟರ್ನಲ್ ಪರೀಕ್ಷೆಯಲ್ಲಿ ಕೇಳಿದೆ. ಈ ಸಲ ಸರಿ ಮಾಡಿದವರು 13. ನಾಲ್ಕರಿಂದ ಹದಿಮೂರು. ಒಂಬತ್ತು ಮಂದಿ ಬಾರದಿದ್ದುದನ್ನು ಕಲಿತಿದ್ದರು. ಲೆಕ್ಕಕ್ಕೆ ಹಾಕಿದರೆ 22ರಲ್ಲಿ 13, ನೂರಕ್ಕೆ 59. ಮಟ್ಟ: ಒಂದು.

ಹಿಂದಿನ ವರ್ಷ ಯಾರೂ ಏನೂ ಕಲಿಯದೆ ಮೂರು, ಈ ವರ್ಷ ಒಂಬತ್ತು ಮಂದಿ ಕಲಿತು ಒಂದು.

ಈ ಫೈಲುಗಳ ಜವಾಬ್ದಾರಿ ಹೊತ್ತ ಸಹೋದ್ಯೋಗಿ ಕಾಮರ್ಸಿನವರು, ಒಳ್ಳೆಯ ಮನುಷ್ಯ, ಎಲ್ಲ ವಿಭಾಗಗಳ ಹಾಳೆ ಒಟ್ಟು ಮಾಡುವುದರಲ್ಲೇ ಅವರ ಶನಿವಾರಗಳು ಹೋಗುತ್ತವೆ. ನನ್ನ ಹಾಳೆ ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು.

“ಎಂಥ ಟೀಚರ್ ಇದು, ಮೂರು ಇದ್ದದ್ದು ಒಂದು ಆದದ್ದು?”

ಹೇಳಿದೆ, ಎಲ್ಲ. ಬಸ್ ಬೋರ್ಡಿನವರೆಗೆ.

“ನೀವು ಹೇಳುವುದು ಸರಿ ಉಂಟು. ಆದ್ರೆ ಗುರಿ ಮುಟ್ಟದಿದ್ರೆ ಏನು ಕ್ರಮ ತೆಗೊಂಡ್ರಿ ಅಂತ ರಿಪೋರ್ಟು ಬರೀಬೇಕು. ಹಳೇ ಪ್ರಶ್ನೆಯನ್ನೇ ಹಾಕಿದ್ರೆ ಆಗ್ತಿತ್ತಲ್ಲ ಮಾರಾಯ್ರೆ.”

ನಾನು ವೀರವನಿತೆಯೇನಲ್ಲ. ಆ ಸಲ ಒಂದು ಎಂದೇ ಕೊಟ್ಟು, ‘ಡೆಸ್ಕು ತಟ್ಟಿಸುವುದನ್ನು ಮುಂದುವರಿಸಲಾಗುವುದು’ ಎಂಬುದನ್ನು ಗಂಭೀರ ಇಂಗ್ಲಿಷಿನಲ್ಲಿ ಬರೆದು ರಿಪೋರ್ಟು ಮಾಡಿದೆ. ಅದರ ಮುಂದಿನ ವರ್ಷದಿಂದ ಎರಡೂ ಇಡುತ್ತೇನೆ. ಲಕ್ಷಣ ಬರೆಯುವ ಒಂದು ಪ್ರಶ್ನೆ, ಕಾಣದ ಸಾಲಿನ ಒಂದು ಪ್ರಶ್ನೆ. ಎರಡೂ ಸೇರಿ 2 ಬರುತ್ತದೆ. ಯಾರಿಗೂ ತೊಂದರೆ ಇಲ್ಲ. ಮೊದಲ ದಿನದ ಹಾಳೆಗಳು ನನ್ನ ಕಪಾಟಿನಲ್ಲಿ ಬೇರೆ ಕಟ್ಟಿನಲ್ಲಿ ಇವೆ, ಅದನ್ನು ಯಾವ ತಂಡವೂ ಕೇಳುವುದಿಲ್ಲ.

ಕಲಿಕೆಯ ಫಲ ಸೆಮಿಸ್ಟರು ಮುಗಿಯುವ ಹೊತ್ತಿಗೇ ಹಣ್ಣಾಗಬೇಕು ಎಂಬ ನಿಯಮವನ್ನು ಯಾರು ಮಾಡಿದರೋ. ಹಳೆಯ ವಿದ್ಯಾರ್ಥಿಯೊಬ್ಬ ಕೆಲವು ವರ್ಷಗಳ ಹಿಂದೆ ಫೋನು ಮಾಡಿದ್ದ. ಪಕ್ಕದ ಮನೆಯ ಅಜ್ಜಿಯ ಜಾಗದ ತಕರಾರು, ವಿಲ್ಲೇಜ್ ಆಫೀಸಿಗೆ ಹಳೆಯ ಆಧಾರ ಹಿಡಿದುಕೊಂಡು ಹೋಗಿದ್ದರಂತೆ. ಮದರಾಸು ಸರಕಾರದ ಕಾಲದ ಮೂಲಗೇಣಿ (ಕಾಯಂ ಗೇಣಿ) ಪತ್ರ, ಕೈಬರಹದ ಕನ್ನಡ, ಅಕ್ಷರಕ್ಕೆ ಅಕ್ಷರ ಹೆಣೆದುಕೊಂಡದ್ದು, ಗೇಣಿ ಮುಡಿ ಅಕ್ಕಿಯ ಲೆಕ್ಕದಲ್ಲಿ. ಅಲ್ಲಿದ್ದವರಿಗೆ ಯಾರಿಗೂ ಓದಲು ಬರಲಿಲ್ಲ. ಇವನು ಕೂತು ಓದಿ, ಮಲಯಾಳದಲ್ಲಿ ಹೇಳಿ, ಅವರು ಬರೆದುಕೊಂಡರು. “ನೀವು ಗ್ರಂಥಸಂಪಾದನೆಯ ಕ್ಲಾಸಿನಲ್ಲಿ ಹಸ್ತಪ್ರತಿ ಓದಿಸಿದ್ರಲ್ಲ ಟೀಚರೇ, ಆಗ ನಿದ್ದೆ ಬರ್ತಿತ್ತು” ಅಂದ. ಅವನ ತಂಡದ ಹಳೆವಿದ್ಯಾರ್ಥಿ ಸರ್ವೇ ನಮ್ಮ ಫೈಲಿನಲ್ಲಿ ಉಂಟು. ಉದ್ಯೋಗ ಎಂಬಲ್ಲಿ ಅವನು ‘ಇಲ್ಲ’ ಎಂದು ಬರೆದಿದ್ದಾನೆ. ಆಗ ಪಿ.ಎಸ್.ಸಿ. ರ‍್ಯಾಂಕ್ ಲಿಸ್ಟಿಗೆ ಕಾಯುತ್ತಿದ್ದ.

ಈಗ ಕೇರಳದಲ್ಲಿ ನಾಲ್ಕು ವರ್ಷದ ಪದವಿ. 2024ರಲ್ಲಿ ಶುರುವಾದದ್ದು, ಮೂರು ವರ್ಷಕ್ಕೆ 133 ಕ್ರೆಡಿಟ್, ನಾಲ್ಕಕ್ಕೆ 177. ಪಠ್ಯಕ್ರಮದಲ್ಲೇ ಪ್ರತಿ ಪೇಪರಿನ ಜೊತೆ ಔಟ್‌ಕಮ್ ಪಟ್ಟಿ, ಯಾವುದು ಬ್ಲೂಮ್ ಪಿರಮಿಡ್ಡಿನ ಎಷ್ಟನೆಯ ಮೆಟ್ಟಿಲು ಎಂಬ ಗುರುತಿನ ಸಮೇತ. ನಮ್ಮ ಕೆಲಸ ಅಷ್ಟು ಕಡಿಮೆ. ಮೊದಲ ದಿನದ ಹತ್ತು ನಿಮಿಷ ಮಾತ್ರ ನಾನು ಬಿಟ್ಟಿಲ್ಲ.

ಬಸ್ ಬೋರ್ಡಿನ ಹುಡುಗನ ಕಥೆ ಒಂದಿಷ್ಟು ಬಾಕಿ ಇದೆ. ಅವನ ಕೊನೆಯ ಸೆಮಿಸ್ಟರಿನ ಒಂದು ದಿನ, ಒಂಬತ್ತೂವರೆಗೆ ವಾಟ್ಸಾಪಿನಲ್ಲಿ ಮೆಸೇಜು:

ಬಸ್ಸು ತಪ್ಪಿತು ನಾಳೆ ಬರುವೆನು

ನಾನು ಹಾಜರಿ ಪುಸ್ತಕ ತೆಗೆದು ಅವನ ಹೆಸರಿನ ಮುಂದೆ ಗುರುತು ಹಾಕಲು ಹೊರಟವಳು ನಿಂತೆ. ಬೆರಳು ತಾನಾಗಿ ಮೇಜಿನ ಅಂಚಿಗೆ ಹೋಯಿತು. ಆಕಸ್ಮಿಕವೂ ಇರಬಹುದು, ಬಸ್ಸು ತಪ್ಪಿದವರೆಲ್ಲ ಹೀಗೆಯೇ ಹೇಳುವುದು. ಅಷ್ಟರಲ್ಲಿ ಇನ್ನೊಂದು ಸಾಲು ಬಂತು:

ಇಂದು ಹಾಜರಿ ಕೊಡಿರಿ ಟೀಚರೆ

ಮೂರನೆಯ ಸಾಲಿಗೆ ಕಾದೆ. 23 ಮಾತ್ರೆ, ಅದರ ಕೊನೆಗೊಂದು ಗುರು ಬೇಕು, ಅದು ಸುಲಭ ಅಲ್ಲ. ಬರಲಿಲ್ಲ. ಬೆಲ್ಲು ಹೊಡೆಯಿತು. ಕ್ಲಾಸಿಗೆ ಏಳುವ ಮೊದಲು ಉತ್ತರ ಬರೆದೆ:

ಗಣವು ಸರಿಯಿದೆ ಇಲ್ಲ ಹಾಜರಿ